ಪದಗಳೊಳಗೆ ಅಡಗಿದ ಇಸವಿಗಳು

ಎಂಟನೇ ತರಗತಿಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ಗಣಿತವಲ್ಲ, ಇತಿಹಾಸ. ಅದರಲ್ಲೂ ಇಸವಿಗಳು. ನಮ್ಮ ಸಮಾಜ ವಿಜ್ಞಾನದ ಸರ್ ಪಾಠ ಶುರು ಮಾಡುವ ಮೊದಲು ಹಿಂದಿನ ದಿನದ ಇಸವಿಗಳನ್ನು ಕೇಳುತ್ತಿದ್ದರು. ಹೇಳದವರು ನಿಂತುಕೊಂಡೇ ಪಾಠ ಕೇಳಬೇಕು. ಆ ವರ್ಷದ ಬಹಳಷ್ಟು ಪಾಠಗಳನ್ನು ನಾನು ನಿಂತೇ ಕೇಳಿದ್ದೇನೆ. ಒಂದು ದಿನ ಧೈರ್ಯ ಮಾಡಿ, “ಸರ್, ಇವೆಲ್ಲಾ ಸತ್ತೋರ ಇಸವಿ. ಇವನ್ನ ತಗೊಂಡು ನಾವೇನು ಮಾಡೋದು?” ಎಂದು ಕೇಳಿಯೇಬಿಟ್ಟೆ. ಪೆಟ್ಟು ಬೀಳುತ್ತದೆ ಎಂದುಕೊಂಡಿದ್ದೆ. ಸರ್ ನಕ್ಕರು. “ಇಸವಿ ಸತ್ತಿಲ್ಲೋ ತಮ್ಮಾ, ನಿನ್ನ ಬಾಯಾಗ ಅದಾವು. ನಿನಗ ಗೊತ್ತಿಲ್ಲ ಅಷ್ಟ” ಎಂದರು. ಇಡೀ ತರಗತಿ ನಕ್ಕಿತು. ನನಗೆ ಏನೂ ಅರ್ಥವಾಗಲಿಲ್ಲ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ನೆನಪಾದದ್ದು ಆ ಮಾತು. ಅದು ಅರ್ಥವಾಗಲು ನನಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅರ್ಥ ಮಾಡಿಸಿದ್ದು ಸಮುದ್ರದಾಚೆಯ ಒಂದು ಭಾಷೆ. ನಾನು ಇತಿಹಾಸಕಾರನಲ್ಲ, ಭಾಷಾಶಾಸ್ತ್ರಜ್ಞನೂ ಅಲ್ಲ. ಬಿಇ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ನಮ್ಮ ತಂಡದ ಅರ್ಧ ಜನ ಮೆಕ್ಸಿಕೋದಲ್ಲಿದ್ದಾರೆ. ಅವರ ಜೊತೆ ಮಾತಾಡಲು ಅನುಕೂಲವಾಗಲಿ ಎಂದು ಸಂಜೆ ತರಗತಿಗೆ ಹೋಗಿ ಸ್ಪ್ಯಾನಿಷ್ ಕಲಿತೆ. ಕಲಿಯುತ್ತ ಹೋದಂತೆ ಒಂದೊಂದು ಪದದೊಳಗೂ ಒಂದೊಂದು ಇಸವಿ ಕುಳಿತಿರುವುದು ಕಂಡಿತು. ಅವುಗಳಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಒಂದೇ ನದಿ, ಎರಡು ಹೆಸರು

ಮೊದಲ ಸಲ ಮೆಕ್ಸಿಕೋಗೆ ಹೋದಾಗ ನನ್ನ ಜೊತೆ ಹುಬ್ಬಳ್ಳಿಯ ಒಬ್ಬ ಗೆಳೆಯನಿದ್ದ. ಅವನು ಮುಸ್ಲಿಂ. ಕಚೇರಿಯಲ್ಲಿ ನಮ್ಮನ್ನು ಎಲ್ಲರಿಗೂ ಪರಿಚಯಿಸುತ್ತ ಅಲ್ಲಿನ ಮುಖ್ಯಸ್ಥರು “ನಮ್ಮ ಇಬ್ಬರು ಹಿಂದೂಗಳು” ಎಂದರು. ಸ್ಪ್ಯಾನಿಷಿನಲ್ಲಿ ‘h’ ಅಕ್ಷರಕ್ಕೆ ಉಚ್ಚಾರವಿಲ್ಲದ್ದರಿಂದ ಅದು ‘ಇಂದೂ’ ಎಂದು ಕೇಳಿಸಿತು. ಗೆಳೆಯ ನನ್ನ ಕಡೆ ತಿರುಗಿ, “ನಮ್ಮವ್ವಗ ಹೇಳಬ್ಯಾಡ ಮಾರಾಯಾ” ಎಂದು ಕನ್ನಡದಲ್ಲಿ ಪಿಸುಗುಟ್ಟಿದ. ಆಮೇಲೆ ವಿಚಾರಿಸಿದರೆ, ಅವರ ಲೆಕ್ಕದಲ್ಲಿ ಆ ಪದಕ್ಕೂ ಧರ್ಮಕ್ಕೂ ಸಂಬಂಧವಿರಲಿಲ್ಲ. ಭಾರತದಿಂದ ಬಂದವರೆಲ್ಲರೂ ಅಲ್ಲಿ ‘ಹಿಂದೂ’ಗಳೇ. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಕೂಡ ಈ ಬಳಕೆಯನ್ನು ಒಪ್ಪಿಕೊಂಡಿದೆ.

“ಹಾಗಾದರೆ ನೇರವಾಗಿ ‘ಇಂದಿಯೊ’, ಅಂದರೆ ಭಾರತೀಯ, ಅನ್ನಬಹುದಲ್ಲ?” ಎಂದು ಕೇಳಿದೆ. ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿಕೊಂಡರು. ಆ ಪದಕ್ಕೆ ಅಲ್ಲಿ ಬೇರೆ ಒಡೆಯರಿದ್ದರು.

1492ರ ಅಕ್ಟೋಬರ್ 12ರಂದು ಕೊಲಂಬಸ್ ಕೆರಿಬಿಯನ್ ಪ್ರದೇಶದ ಒಂದು ದ್ವೀಪ ಮುಟ್ಟಿದ. ತಾನು ಏಷ್ಯಾದ ಅಂಚಿಗೆ, ‘ಇಂಡೀಸ್’ ದ್ವೀಪಗಳಿಗೆ ಬಂದಿದ್ದೇನೆಂದು ನಂಬಿ ಅಲ್ಲಿನ ಜನರನ್ನು ‘ಇಂದಿಯೊ’ಗಳು ಎಂದ. ಅದು ಬೇರೆಯೇ ಖಂಡವೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಮುಂದಿನ ಮುನ್ನೂರು ವರ್ಷ ಸ್ಪೇನಿನ ಆಳ್ವಿಕೆಯಲ್ಲಿ ‘ಇಂದಿಯೊ’ ಎಂದರೆ ಕಾಗದಪತ್ರದಲ್ಲಿ ಒಂದು ವರ್ಗ: ದೊರೆಗೆ ತಲೆಗಂದಾಯ ಕಟ್ಟಬೇಕಾದವರು, ಹೇಳಿದ ಕೆಲಸಕ್ಕೆ ಹೋಗಬೇಕಾದವರು. ಊರಿನ ಹೆಸರಾಗಿ ಹುಟ್ಟಿದ ಪದ ಹೀಗೆ ಅಂತಸ್ತಿನ ಹೆಸರಾಯಿತು, ಅಂತಸ್ತಿನಿಂದ ಬೈಗುಳಕ್ಕಿಳಿಯಿತು. ಇವತ್ತು ಮೆಕ್ಸಿಕೋದಲ್ಲಿ ಯಾರನ್ನಾದರೂ ‘ಇಂದಿಯೊ’ ಎಂದರೆ ದಡ್ಡ, ಒಡ್ಡ ಎಂದು ಹೀಯಾಳಿಸಿದಂತೆ. ಮರ್ಯಾದೆಯಿಂದ ಮಾತಾಡುವವರು ‘ಇಂದಿಹೆನಾ’, ಅಂದರೆ ಮೂಲನಿವಾಸಿ, ಎಂಬ ಪದ ಬಳಸುತ್ತಾರೆ. ನಿಜವಾದ ಭಾರತದವರು ಅಲ್ಲಿಗೆ ಹೋಗುವ ಹೊತ್ತಿಗೆ ನಮ್ಮ ಹೆಸರು ಬೇರೆಯವರ ಬೆನ್ನ ಮೇಲಿತ್ತು, ಜೊತೆಗೆ ಕೆಟ್ಟೂ ಹೋಗಿತ್ತು. ಆದ್ದರಿಂದ ನಮಗೆ ‘ಹಿಂದೂ’ ಉಳಿಯಿತು.

ತಮಾಷೆಯೆಂದರೆ ಎರಡೂ ಪದಗಳ ತಾಯಿ ಒಬ್ಬಳೇ, ಸಿಂಧೂ ನದಿ. ಸಿಂಧು ಎಂಬುದು ಪರ್ಷಿಯನ್ನರ ಬಾಯಲ್ಲಿ ಹಿಂದು ಆಯಿತು, ಗ್ರೀಕರ ಬಾಯಲ್ಲಿ ಇಂಡೋಸ್ ಆಯಿತು. ಒಬ್ಬ ನಾವಿಕ ದಾರಿಯ ಲೆಕ್ಕ ತಪ್ಪಿದ್ದರಿಂದ ಐನೂರು ವರ್ಷಗಳ ಮೇಲೆ ಹುಬ್ಬಳ್ಳಿಯ ನನ್ನ ಗೆಳೆಯ ಮೆಕ್ಸಿಕೋದಲ್ಲಿ ‘ಹಿಂದೂ’ ಆಗಬೇಕಾಯಿತು.

ನಮ್ಮ ವೃತ್ತಿಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ಯಾವ ಸಾಲನ್ನು ಯಾರು, ಯಾವ ದಿನ, ಯಾವ ಕಾರಣಕ್ಕೆ ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಭಾಷೆಯೂ ಸಾವಿರಾರು ಜನ ತಿದ್ದಿದ ಪ್ರೋಗ್ರಾಮಿನಂಥದ್ದೇ, ಆದರೆ ತಿದ್ದಿದವರು ಕಾರಣ ಬರೆದಿಡಲಿಲ್ಲ. ಅದನ್ನು ಇತಿಹಾಸದ ಪುಸ್ತಕದಲ್ಲಿಯೇ ಹುಡುಕಬೇಕು. ಆ ದಿನದಿಂದ ನನಗೆ ಹುಡುಕುವ ಚಟ ಹತ್ತಿತು. ಹುಡುಕುತ್ತ ಮೊದಲು ತಲುಪಿದ್ದು ಕೊಲಂಬಸನಿಗಿಂತ ಸುಮಾರು ಎಂಟುನೂರು ವರ್ಷ ಹಿಂದಿನ ಸ್ಪೇನಿಗೆ.

711: ಜನ ಹೋದರು, ಮಾತು ಉಳಿಯಿತು

711ರಲ್ಲಿ ಉತ್ತರ ಆಫ್ರಿಕಾದಿಂದ ಅರಬ್ಬರು ಮತ್ತು ಬರ್ಬರರು ಸಮುದ್ರ ದಾಟಿ ಸ್ಪೇನಿಗೆ ಬಂದರು. ಅವರ ಕೊನೆಯ ರಾಜ್ಯವಾದ ಗ್ರಾನಡಾ 1492ರ ಜನವರಿ 2ರಂದು ಕ್ರೈಸ್ತ ದೊರೆಗಳ ಕೈಸೇರಿತು. ಈ ನಡುವಿನ ಕಾಲದಲ್ಲಿ ಸಾವಿರಾರು ಅರಬ್ಬಿ ಪದಗಳು ಸ್ಪ್ಯಾನಿಷಿಗೆ ಸೇರಿದವು. ಸ್ಪ್ಯಾನಿಷಿನಲ್ಲಿ ಸಕ್ಕರೆಗೆ ‘ಅಸೂಕಾರ್’ ಎನ್ನುತ್ತಾರೆ. ಅದು ಅರಬ್ಬಿಯ ‘ಸುಕ್ಕರ್’, ಅದರ ಹಿಂದೆ ಪರ್ಷಿಯನ್ನಿನ ‘ಶಕರ್’, ಅದರ ಹಿಂದೆ ಸಂಸ್ಕೃತದ ‘ಶರ್ಕರಾ’. ನಮ್ಮ ‘ಸಕ್ಕರೆ’ಯೂ ಅದೇ ಶರ್ಕರೆಯ ಮಗಳು. ನಾನು ಅಲ್ಲಿ ಚಹಾಕ್ಕೆ ಅಸೂಕಾರ್ ಕೇಳುವಾಗ ಅಕ್ಕನನ್ನು ಬಿಟ್ಟು ತಂಗಿಯನ್ನು ಕರೆದಂತೆ.

ಸಕ್ಕರೆಯ ಅರ್ಥ ಬದಲಾಗಲಿಲ್ಲ. ಅಧಿಕಾರದ ಪದಗಳದ್ದು ಬೇರೆ ಕಥೆ. ಅರಬ್ಬಿಯಲ್ಲಿ ‘ಖಾಜಿ’ ಎಂದರೆ ನ್ಯಾಯಾಧೀಶ. ಕ್ರೈಸ್ತ ದೊರೆಗಳು ಊರುಗಳನ್ನು ಒಂದೊಂದಾಗಿ ಗೆದ್ದಾಗ ಆಳುವವರು ಬದಲಾದರು, ಹುದ್ದೆಯ ಹೆಸರು ಬದಲಾಗಲಿಲ್ಲ. ‘ಅಲ್-ಖಾಜಿ’ ಎಂಬುದು ‘ಅಲ್ಕಾಲ್ದೆ’ಯಾಗಿ, ನ್ಯಾಯ ಹೇಳುತ್ತಲೇ ಊರಿನ ಆಡಳಿತವನ್ನೂ ನೋಡಿಕೊಳ್ಳತೊಡಗಿತು. ಹತ್ತೊಂಬತ್ತನೇ ಶತಮಾನದಲ್ಲಿ ನ್ಯಾಯ ಬೇರೆ, ಆಡಳಿತ ಬೇರೆ ಎಂದಾದ ಮೇಲೆ ‘ಅಲ್ಕಾಲ್ದೆ’ಗೆ ಉಳಿದದ್ದು ಊರಿನ ಮೇಯರ್ ಎಂಬ ಅರ್ಥ ಮಾತ್ರ. ಅದೇ ಪದ ಪೂರ್ವದ ದಾರಿ ಹಿಡಿದು ನಮ್ಮ ಕಡೆ ಬಂದು ನಿಕಾಹ್ ಮಾಡಿಸುವ ಖಾಜಿ ಸಾಹೇಬರಾಗಿ ನಿಂತಿದೆ. ಒಂದು ಪದದ ಇಬ್ಬರು ಮಕ್ಕಳು. ಒಬ್ಬ ನಗರಸಭೆಗೆ ಹೋದ, ಇನ್ನೊಬ್ಬ ಮದುವೆಮನೆಗೆ ಬಂದ.

ಮೆಕ್ಸಿಕೋದ ವಿಮಾನ ನಿಲ್ದಾಣದಲ್ಲಿ ಸುಂಕದ ಕಟ್ಟೆಯ ಮೇಲೆ ‘ಅದ್ವಾನಾ’ ಎಂಬ ಬೋರ್ಡು ಕಂಡು ನಾನು ನಕ್ಕಿದ್ದೆ. ಎರಡು ತಾಸು ಸಾಲಿನಲ್ಲಿ ನಿಂತವನಿಗೆ ಕನ್ನಡದ ಅಧ್ವಾನವೇ ಸರಿ ಎನ್ನಿಸಿತು. ಆದರೆ ಅದು ‘ದಿವಾನ್’ ಎಂಬ ಪದ. ಪರ್ಷಿಯನ್ನಿನಲ್ಲಿ ಅದಕ್ಕೆ ಲೆಕ್ಕದ ದಫ್ತರ, ದಫ್ತರವಿಡುವ ಕಚೇರಿ ಎಂಬ ಅರ್ಥವಿತ್ತು. ಅರಬ್ಬರ ಜೊತೆ ಸ್ಪೇನಿಗೆ ಹೋಗಿ ಸುಂಕದ ಕಟ್ಟೆಯಾಯಿತು. ನಮ್ಮಲ್ಲಿಗೆ ಬಂದು ರಾಜ್ಯದ ಲೆಕ್ಕಪತ್ರ ನೋಡುವ ಮಂತ್ರಿಯಾಯಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕಚೇರಿಯ ಗೋಡೆಗೆ ಹಾಕಿದ ಮೆತ್ತನೆಯ ಆಸನಕ್ಕೂ ಅದೇ ಹೆಸರು ಅಂಟಿ ಇವತ್ತು ನಮ್ಮ ಪಡಸಾಲೆಯ ದಿವಾನ್ ಮಂಚವಾಗಿದೆ.

ಇದೇ ಕಾಲದ ಒಂದು ಪದ ಮಾತ್ರ ನನ್ನನ್ನು ಸುಮ್ಮನಾಗಿಸಿತು. ನಮ್ಮ ಪ್ರೋಗ್ರಾಮು ಬಿಡುಗಡೆಯಾಗುವ ದಿನ ಮೆಕ್ಸಿಕೋದವರು ಬೆರಳು ಮಡಚಿ ‘ಓಹಲಾ’ ಎನ್ನುತ್ತಾರೆ. ‘ಹಾಗೇ ಆಗಲಿ, ಎಲ್ಲ ಸುಸೂತ್ರವಾಗಲಿ’ ಎಂಬ ಅರ್ಥ. ಚರ್ಚಿಗೆ ಹೋಗುವವರೂ ಹೇಳುತ್ತಾರೆ, ದೇವರನ್ನೇ ನಂಬದವರೂ ಹೇಳುತ್ತಾರೆ. ಅದರ ಮೂಲ ಸ್ಪೇನಿನ ಅರಬ್ಬರ ಮಾತಿನ ‘ಅಲ್ಲಾಹನು ಮನಸ್ಸು ಮಾಡಿದರೆ’ ಎಂಬ ಹಾರೈಕೆ. ಗ್ರಾನಡಾ ಶರಣಾದಾಗ ಅಲ್ಲಿನ ಮುಸ್ಲಿಮರಿಗೆ ಅವರ ಧರ್ಮ ಅವರಿಗೇ ಎಂದು ಮಾತು ಕೊಡಲಾಗಿತ್ತು. ಆ ಮಾತು ಹತ್ತು ವರ್ಷವೂ ಉಳಿಯಲಿಲ್ಲ; ಒತ್ತಾಯದ ಮತಾಂತರಗಳಾದವು. 1567ರಲ್ಲಿ ಅರಬ್ಬಿ ಮಾತಾಡುವುದನ್ನೇ ನಿಷೇಧಿಸುವ ಆಜ್ಞೆ ಹೊರಟಿತು. 1609ರಿಂದ ಐದು ವರ್ಷಗಳಲ್ಲಿ ಸುಮಾರು 3 ಲಕ್ಷ ಜನರನ್ನು ಹಡಗು ಹತ್ತಿಸಿ ದೇಶದಿಂದಲೇ ಹೊರಹಾಕಿದರು. ಜನರನ್ನು ಕಳಿಸಿದರು, ಅವರ ಪ್ರಾರ್ಥನೆಯನ್ನು ಕಳಿಸಲಾಗಲಿಲ್ಲ. ಓಡಿಸಿದವರ ಮಕ್ಕಳು ಇಂದಿಗೂ ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಾರೆ.

ಮೆಣಸು ಹುಡುಕಿ ಹೋದವರು

ಈಗ ನಮ್ಮೂರಿಗೆ ಹತ್ತಿರದ ಪದ. ನಮ್ಮ ಸೀಮೆಯಲ್ಲಿ ಸುಗ್ಗಿಯಾದ ಮೇಲೆ ಕಣದ ತುಂಬ ಕೆಂಪು ಹಾಸಿದಂತೆ ಮೆಣಸಿನಕಾಯಿ ಒಣಹಾಕುವುದು ಎಲ್ಲರೂ ಕಂಡದ್ದೇ. ಅಪ್ಪನ ಜೊತೆ ಚಕ್ಕಡಿಯಲ್ಲಿ ಚೀಲದ ಮೇಲೆ ಕೂತು ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಸೀನುತ್ತ ಮನೆಗೆ ಬಂದವರು ನಮ್ಮ ಬ್ಯಾಚಿನಲ್ಲಿ ಬಹಳ ಜನ. ಮೆಣಸಿನಕಾಯಿ ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲದಿಂದ ಇಲ್ಲಿಯದೇ ಎಂದು ನಂಬಿದ್ದೆ. ಅದು ಅಮೆರಿಕ ಖಂಡದ ಗಿಡ. 1492ಕ್ಕಿಂತ ಮೊದಲು ಕರ್ನಾಟಕದ ಯಾವ ಅಡುಗೆಮನೆಯಲ್ಲೂ ಅದು ಇರಲಿಲ್ಲ.

ಕೊಲಂಬಸ್ ಹೊರಟದ್ದು ನಮ್ಮ ಮೆಣಸಿಗಾಗಿ, ಅಂದರೆ ಕಾಳುಮೆಣಸಿನಂಥ ಸಾಂಬಾರ ಪದಾರ್ಥಗಳಿಗಾಗಿ. ಸ್ಪ್ಯಾನಿಷಿನಲ್ಲಿ ಕಾಳುಮೆಣಸಿಗೆ ‘ಪಿಮಿಯೆಂತಾ’ ಎನ್ನುತ್ತಾರೆ. ಅದೂ ಅರ್ಥ ಬದಲಿಸಿಕೊಂಡು ಬಂದ ಪದವೇ. ಲ್ಯಾಟಿನ್ನಿನಲ್ಲಿ ಬಣ್ಣ ಎಂದಿದ್ದದ್ದು ಸಾಂಬಾರ ರಸವಾಗಿ, ಕೊನೆಗೆ ಮೆಣಸಾಯಿತು. ಕೊಲಂಬಸನಿಗೆ ಆ ದ್ವೀಪಗಳಲ್ಲಿ ಕಾಳುಮೆಣಸು ಸಿಗಲಿಲ್ಲ. ಸಿಕ್ಕಿದ್ದು ಖಾರದ ಒಂದು ಕಾಯಿ, ಅಲ್ಲಿನವರ ಮಾತಿನಲ್ಲಿ ‘ಅಹಿ’. ಇದು ಇವರ ಮೆಣಸು ಎಂದು ಅವನು ದಿನಚರಿಯಲ್ಲಿ ಬರೆದುಕೊಂಡ. ಸ್ಪೇನಿನವರು ‘ಪಿಮಿಯೆಂತಾ’ದ ಕೊನೆಯ ಅಕ್ಷರ ಬದಲಿಸಿ ಆ ಕಾಯಿಗೆ ‘ಪಿಮಿಯೆಂತೊ’ ಎಂದರು. ಹುಡುಕಿದ್ದು ಸಿಗದಿದ್ದಾಗ ಸಿಕ್ಕಿದ್ದಕ್ಕೆ ಹುಡುಕಿದ್ದರ ಹೆಸರಿಡುವುದು ಮನುಷ್ಯರ ಹಳೆಯ ಸಮಾಧಾನ.

ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಆ ಕಾಯಿಯನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವು. ನಮ್ಮವರೂ ಅದಕ್ಕೊಂದು ಹೆಸರಿಡಬೇಕಾಯಿತು. ಸ್ಪ್ಯಾನಿಷ್ ಮಾತಿನ ಗಂಧವೂ ಇಲ್ಲದ ನಮ್ಮ ಹಿರಿಯರು ಸ್ಪೇನಿನವರು ಮಾಡಿದ್ದನ್ನೇ ಮಾಡಿದರು. ಖಾರವಾಗಿದೆ, ಮೆಣಸಿನ ಹಾಗಿದೆ, ಆದರೆ ಕಾಯಿ, ಆದ್ದರಿಂದ ‘ಮೆಣಸಿನಕಾಯಿ’. ಹೊಸಬ ಮನೆಯನ್ನೆಲ್ಲ ಆವರಿಸಿಕೊಂಡ ಮೇಲೆ ಹಳಬನಿಗೆ ಗುರುತು ಹೇಳುವ ಪಾಡು ಬಂತು. ಸುಮ್ಮನೆ ಮೆಣಸಾಗಿದ್ದದ್ದು ಕಾಳುಮೆಣಸಾಯಿತು, ಕರಿಮೆಣಸಾಯಿತು, ಕರಾವಳಿಯ ಕಡೆ ‘ಒಳ್ಳೆಮೆಣಸು’ ಆಯಿತು. ಆ ‘ಒಳ್ಳೆ’ ಎಂಬ ಎರಡಕ್ಷರದಲ್ಲಿ ಹೊಸದನ್ನು ಪೂರ್ತಿ ನಂಬದ ಯಾರೋ ಅಜ್ಜಿಯ ದನಿ ನನಗೆ ಕೇಳಿಸುತ್ತದೆ.

ಪಾಳಿಯ ಕೆಲಸ, ಬಿಟ್ಟಿಯ ಕೆಲಸ

ಕೊಲಂಬಸನ ಹಿಂದೆ ಹೋದವರು ಮೆಣಸಿನಷ್ಟಕ್ಕೇ ನಿಲ್ಲಲಿಲ್ಲ. 1545ರಲ್ಲಿ ಈಗಿನ ಬೊಲಿವಿಯಾದ ಪೊತೊಸಿ ಎಂಬಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ, ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಸ್ಪ್ಯಾನಿಷಿನಲ್ಲಿ ಇಂದಿಗೂ ಬಹಳ ಬೆಲೆಬಾಳುವ ವಸ್ತುವಿಗೆ ‘ಒಂದು ಪೊತೊಸಿ ಬಾಳುತ್ತದೆ’ ಎನ್ನುತ್ತಾರೆ. ಲೋಹದ ತಗಡು ಎಂದಷ್ಟೇ ಇದ್ದ ‘ಪ್ಲಾತಾ’ ಎಂಬ ಪದ ಬೆಳ್ಳಿಗೆ ಹೆಸರಾಗಿತ್ತು. ದಕ್ಷಿಣ ಅಮೆರಿಕದಲ್ಲಿ ಅದು ದುಡ್ಡು ಎಂಬ ಅರ್ಥಕ್ಕೂ ಹಬ್ಬಿತು. ‘ಪ್ಲಾತಾ ಇದೆಯಾ?’ ಎಂದರೆ ಅಲ್ಲಿ ‘ರೊಕ್ಕ ಐತೇನು?’ ಎಂದು ಕೇಳಿದಂತೆ.

ಆ ಬೆಳ್ಳಿ ಅಗೆದವರು ಯಾರು? ಅದಕ್ಕೆ ಇನ್ನೊಂದು ಪದ ಉತ್ತರ ಹೇಳುತ್ತದೆ, ‘ಮಿತಾ’. ಆ ಬೆಟ್ಟಗಳ ಕೆಚುವಾ ಭಾಷೆಯಲ್ಲಿ ಅದರ ಅರ್ಥ ಸರದಿ, ಪಾಳಿ. ಇಂಕಾ ಅರಸರ ಕಾಲದಲ್ಲಿ ಜನ ಪಾಳಿಯ ಪ್ರಕಾರ ರಸ್ತೆ, ಸೇತುವೆ, ಹೊಲಗಳ ಕೆಲಸಕ್ಕೆ ಬರಬೇಕಿತ್ತು. ದುಡಿಯುವ ದಿನಗಳಲ್ಲಿ ಅವರ ಊಟ-ಉಡುಗೆ ರಾಜ್ಯದ ಹೊಣೆ. 1573ರಲ್ಲಿ ಸ್ಪೇನಿನ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಆ ಹೆಸರನ್ನು ಹಾಗೇ ಇಟ್ಟುಕೊಂಡು ಒಳಗಿನದನ್ನು ಬದಲಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳ ಗಂಡಸರಲ್ಲಿ ಏಳರಲ್ಲೊಂದು ಪಾಲು ಪ್ರತಿ ವರ್ಷ ಪೊತೊಸಿಗೆ ನಡೆದು ಹೋಗಬೇಕು. ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಗಣಿಯ ಕತ್ತಲು, ದೂಳು, ಬೆಳ್ಳಿ ಬೇರ್ಪಡಿಸುವ ಪಾದರಸದ ವಿಷ. ಹೋದವರಲ್ಲಿ ಬಹಳ ಜನ ಹಿಂದಿರುಗಲಿಲ್ಲ. 1812ರಲ್ಲಿ ಸ್ಪೇನಿನ ಸಂಸತ್ತು ಅದನ್ನು ರದ್ದು ಮಾಡುವ ಹೊತ್ತಿಗೆ ‘ನಿನ್ನ ಪಾಳಿ’ ಎಂಬ ಸಾದಾ ಮಾತು ಎರಡು ಶತಮಾನಗಳ ಭಯವಾಗಿತ್ತು.

ಇದನ್ನು ಓದಿದ ರಾತ್ರಿ ನನಗೆ ನಮ್ಮದೇ ಒಂದು ಪದ ನೆನಪಾಯಿತು, ‘ಬಿಟ್ಟಿ’. ‘ಸಿಮ್ ಕಾರ್ಡ್ ಬಿಟ್ಟಿ ಸಿಕ್ಕಿತು’ ಎನ್ನುತ್ತೇವೆ. ಅದು ಸಂಸ್ಕೃತದ ‘ವಿಷ್ಟಿ’. ಅಂದರೆ ಅರಸನಿಗೋ ಒಡೆಯನಿಗೋ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ನಮ್ಮ ಹಳೆಯ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯೂ ಬರುತ್ತದೆ. ನಮ್ಮಜ್ಜ ‘ಬಿಟ್ಟಿ ದುಡದೇವಿ’ ಎನ್ನುವಾಗ ಅವನ ದನಿಯಲ್ಲಿ ಆ ಹಳೆಯ ಅರ್ಥ ಇನ್ನೂ ಇತ್ತು. ಸಂಬಳವಿಲ್ಲದ ಕೆಲಸ ನಮ್ಮ ಕಾಲಕ್ಕೆ ಬೆಲೆಯಿಲ್ಲದ ಸಾಮಾನಾಗಿದೆ. ಗಮನಿಸಿ, ಇಲ್ಲಿ ಪದ ಪಕ್ಷ ಬದಲಿಸಿದೆ. ಮೊದಲು ಅದು ದುಡಿದವನ ಬಾಯಲ್ಲಿತ್ತು, ಈಗ ಪಡೆದವನ ಬಾಯಲ್ಲಿದೆ. ಯಾರಿಗಾದರೂ ಏನಾದರೂ ಬಿಟ್ಟಿ ಸಿಕ್ಕಿದ್ದರೆ ಯಾರೋ ಒಬ್ಬರು ಬಿಟ್ಟಿ ದುಡಿದಿದ್ದರು ಎಂಬ ನೆನಪನ್ನು ಭಾಷೆ ಕೈಬಿಟ್ಟಿದೆ.

1808: ಸಣ್ಣ ಯುದ್ಧದ ದೊಡ್ಡ ಪ್ರಯಾಣ

ಬಡವರ ಸಂಕಟದಿಂದ ಬಂದ ಪದಗಳಂತೆ ಬಡವರ ಧೈರ್ಯದಿಂದ ಬಂದ ಪದವೂ ಇದೆ. 1808ರಲ್ಲಿ ನೆಪೋಲಿಯನ್ ಸ್ಪೇನನ್ನು ಹಿಡಿದಾಗ ಮೇ 2ರಂದು ಮ್ಯಾಡ್ರಿಡ್ ನಗರದ ಜನ ಬೀದಿಗಿಳಿದು ಎದುರು ನಿಂತರು. ಮುಂದೆ ಹಳ್ಳಿಗಳ ರೈತರು, ಪಾದ್ರಿಗಳು, ಚದುರಿದ ಸೈನಿಕರು ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಫ್ರೆಂಚ್ ಸೇನೆಯ ಮೇಲೆರಗಿ ಬೆಟ್ಟದೊಳಗೆ ಮಾಯವಾಗುತ್ತಿದ್ದರು. ಸ್ಪ್ಯಾನಿಷಿನಲ್ಲಿ ಯುದ್ಧಕ್ಕೆ ‘ಗೆರ್ರಾ’, ಪುಟ್ಟ ಯುದ್ಧಕ್ಕೆ ‘ಗೆರ್ರಿಯಾ’. ಸಣ್ಣ ಚಕಮಕಿ ಎಂಬ ಅರ್ಥದಲ್ಲಿದ್ದ ಆ ಪದ ಈ ಆರು ವರ್ಷಗಳಲ್ಲಿ ದೊಡ್ಡ ಸೇನೆಯ ವಿರುದ್ಧ ಜನಸಾಮಾನ್ಯರು ಹೂಡುವ ಹೋರಾಟದ ಹೆಸರಾಯಿತು. ಅಲ್ಲಿ ಸ್ಪೇನಿನವರ ಜೊತೆ ಸೇರಿ ಕಾದಾಡಿದ ಬ್ರಿಟಿಷರು ಪದವನ್ನು ಇಂಗ್ಲಿಷಿಗೆ ಒಯ್ದರು. ಅಲ್ಲಿಂದ ಅದು ‘ಗೆರಿಲ್ಲಾ’ ಆಗಿ ನಮ್ಮ ಪಠ್ಯಪುಸ್ತಕಕ್ಕೆ ಬಂತು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಪಾಠದಲ್ಲಿ ನಾವು ಓದಿದ್ದು ಅದೇ ಪದ.

ಸ್ಪೇನಿನಲ್ಲಿದ್ದ ಆ ಬ್ರಿಟಿಷ್ ಸೇನೆಯ ದಂಡನಾಯಕ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದವನು. ನಮ್ಮ ಸೀಮೆಗೆ ಅವನು ಹೊಸಬನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ಹಿಡಿದವನು, 1800ರಲ್ಲಿ ರಾಣೇಬೆನ್ನೂರು, ಸವಣೂರು ಸೀಮೆಯಲ್ಲೆಲ್ಲ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದವನು ಅವನೇ. ಎದುರು ನಿಂತ ಧೋಂಡಿಯಾ ಬ್ರಿಟಿಷರ ಬರಹದಲ್ಲಿ ದರೋಡೆಕೋರ. ಹತ್ತು ವರ್ಷವಾಗುವಷ್ಟರಲ್ಲಿ ಅಂಥದ್ದೇ ಹೋರಾಟ ನಡೆಸಿದ ಸ್ಪೇನಿನ ರೈತರು ಅದೇ ಬ್ರಿಟಿಷರಿಗೆ ವೀರರು. ಆ ರೈತರನ್ನು ದರೋಡೆಕೋರರು ಎಂದು ಕರೆದವರು ಈಗ ಫ್ರೆಂಚರು. ಹೆಸರು ಇಡುವುದು ಕೆಲಸ ನೋಡಿ ಅಲ್ಲ, ಬರೆಯುವವನು ಯಾವ ಕಡೆ ಕೂತಿದ್ದಾನೆ ಎಂಬುದನ್ನು ನೋಡಿ.

ಅಕರ್ಮಕ ಸಕರ್ಮಕವಾದ ವರ್ಷ

ಕೊನೆಯ ಪದದಲ್ಲಿ ನನ್ನದೊಂದು ತಪ್ಪಿದೆ. ಕೆಲವು ವರ್ಷಗಳ ಹಿಂದೆ ಮೆಕ್ಸಿಕೋದ ಸಹೋದ್ಯೋಗಿಯೊಬ್ಬರು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಬಂದ ದಿನ ವಿಡಿಯೋ ಕರೆಯಲ್ಲಿ ಏನಾಯಿತೆಂದು ಕೇಳಿದೆ. ತನ್ನ ಚಿಕ್ಕಪ್ಪನ ಮಗನ ವಿಷಯ ಎಂದರು, ಆಮೇಲೆ “ಲೊ ದೆಸಾಪಾರೆಸಿಯೆರೊನ್” ಎಂದರು. ಆ ವಾರವಷ್ಟೇ ನಾನು ಕ್ರಿಯಾಪದಗಳ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದೆ. ‘ದೆಸಾಪಾರೆಸೆರ್’ ಎಂದರೆ ಕಾಣೆಯಾಗು. ಅದು ಅಕರ್ಮಕ. ಮಳೆ ಬರುತ್ತದೆ, ಮಗು ನಗುತ್ತದೆ, ಮನುಷ್ಯ ಕಾಣೆಯಾಗುತ್ತಾನೆ. ಇವುಗಳಿಗೆ ಕರ್ಮಪದ ಬೇಡ ಎಂದು ನಮ್ಮ ಕನ್ನಡ ಅಕ್ಕೋರು ಇದೇ ಶಾಲೆಯಲ್ಲಿ ಕಲಿಸಿದ್ದರು. ಆದ್ದರಿಂದ, “ಅವನು ಕಾಣೆಯಾದ ಅಂತಲೇ? ವ್ಯಾಕರಣ ಹಾಗಲ್ಲವೇ?” ಎಂದುಬಿಟ್ಟೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. “ಇಲ್ಲ. ಅವನು ಕಾಣೆಯಾಗಲಿಲ್ಲ. ಅವನನ್ನು ಕಾಣೆ ಮಾಡಿದರು” ಎಂದರು.

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಆಮೇಲೆ ಹುಡುಕಿ ಓದಿದೆ. 1976ರ ಮಾರ್ಚ್ 24ರಂದು ಅರ್ಜೆಂಟೀನಾದಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1983ರವರೆಗಿನ ಆ ಆಳ್ವಿಕೆಯಲ್ಲಿ ವಿದ್ಯಾರ್ಥಿಗಳನ್ನು, ಕಾರ್ಮಿಕರನ್ನು, ಪತ್ರಕರ್ತರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋದರು. ಠಾಣೆಯಲ್ಲಿ ಕೇಳಿದರೆ ದಾಖಲೆಯೇ ಇಲ್ಲ. ಸತ್ತರೆಂದರೆ ಹೆಣ ತೋರಿಸಬೇಕು, ಸೆರೆಯಲ್ಲಿದ್ದಾರೆಂದರೆ ನ್ಯಾಯಾಲಯಕ್ಕೆ ತರಬೇಕು. ‘ಕಾಣೆಯಾಗಿದ್ದಾರೆ’ ಎಂದರೆ ಯಾರೂ ಹೊಣೆಯಲ್ಲ. ಆಳುವವರಿಗೆ ಅಕರ್ಮಕ ಕ್ರಿಯಾಪದ ಬಹಳ ಅನುಕೂಲವಾಗಿತ್ತು.

1977ರ ಏಪ್ರಿಲ್ 30ರಂದು ಕೆಲವು ತಾಯಂದಿರು ರಾಜಧಾನಿಯ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರಿದರು. ಆಮೇಲೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪ್ರತಿ ಗುರುವಾರ ಅಲ್ಲಿ ಸುತ್ತು ಹಾಕತೊಡಗಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಮಕ್ಕಳೆಲ್ಲಿ? ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗ 1984ರಲ್ಲಿ ಸುಮಾರು 9,000 ಜನರ ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಘಟನೆಗಳು 30,000 ಎನ್ನುತ್ತವೆ. ಅಷ್ಟರಲ್ಲಿ ಜನರ ಬಾಯಲ್ಲಿ ಆ ಕ್ರಿಯಾಪದ ಸಕರ್ಮಕವಾಗಿತ್ತು. ಕಾಣೆಯಾಗುವುದಿದ್ದರೆ ಕಾಣೆ ಮಾಡಿದವನೂ ಇರಲೇಬೇಕು ಎಂದು ಭಾಷೆ ಹಟ ಹಿಡಿಯಿತು. 2006ರಲ್ಲಿ ವಿಶ್ವಸಂಸ್ಥೆ ಬಲವಂತದ ಕಣ್ಮರೆಯ ವಿರುದ್ಧ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೇ ಅಂಗೀಕರಿಸಿತು.

ಮೆಕ್ಸಿಕೋದಲ್ಲಿ ಈ ಪದ ಇನ್ನೂ ಹಸಿಯಾಗಿದೆ. 2014ರ ಸೆಪ್ಟೆಂಬರ್ 26ರ ರಾತ್ರಿ ಅಯೊತ್ಸಿನಾಪಾ ಎಂಬಲ್ಲಿನ ಗ್ರಾಮೀಣ ಶಿಕ್ಷಕರ ಕಾಲೇಜಿನ 43 ವಿದ್ಯಾರ್ಥಿಗಳನ್ನು ‘ಕಾಣೆ ಮಾಡಿದರು’. ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಲು ಹೊರಟಿದ್ದ ರೈತರ ಮಕ್ಕಳು ಅವರು. ದೇಶದ ಸರ್ಕಾರಿ ನೋಂದಣಿಯಲ್ಲಿಯೇ ಕಾಣೆಯಾದವರ ಸಂಖ್ಯೆ 2022ರಲ್ಲಿ 1 ಲಕ್ಷ ದಾಟಿತು. ಅವರಲ್ಲೊಬ್ಬ ನನ್ನ ಸಹೋದ್ಯೋಗಿಯ ತಮ್ಮ. ನಾನು ವ್ಯಾಕರಣ ತಿದ್ದಲು ಹೋಗಿದ್ದು ಅಂಥ ವಾಕ್ಯವನ್ನು. ಮರುದಿನ ಕ್ಷಮೆ ಕೇಳಿದೆ. “ನಿನ್ನ ವ್ಯಾಕರಣ ಸರಿಯಾಗಿತ್ತು, ನಮ್ಮ ದೇಶ ಸರಿಯಿಲ್ಲ” ಎಂದರು ಅವರು.

ನಮ್ಮ ಬಾಯೊಳಗಿನ ಇಸವಿಗಳು

ಪದಗಳ ಅರ್ಥ ಕಾಲಕಾಲಕ್ಕೆ ತಾನಾಗಿಯೇ ಬದಲಾಗುತ್ತದೆ ಎಂದು ನಾನು ತಿಳಿದಿದ್ದೆ. ಅದೂ ಒಂದು ಅಕರ್ಮಕ ವಾಕ್ಯ. ‘ಇಂದಿಯೊ’ವನ್ನು ಬೈಗುಳ ಮಾಡಿದವರಿದ್ದರು, ‘ಮಿತಾ’ವನ್ನು ಜೀತ ಮಾಡಿದವರಿದ್ದರು. ಮಾಯವಾಗಿದ್ದ ಕರ್ತೃವನ್ನು ಹುಡುಕಿ ವಾಕ್ಯದೊಳಗೆ ಎಳೆತಂದ ತಾಯಂದಿರೂ ಇದ್ದರು. ಅರ್ಥ ಕೆಡಿಸುವುದು ಮನುಷ್ಯರ ಕೈಯಲ್ಲಿದ್ದರೆ ಅದನ್ನು ಸರಿಪಡಿಸುವುದೂ ಅವರ ಕೈಯಲ್ಲೇ ಇದೆ ಎಂಬುದು ಈ ಪದಗಳಿಂದ ನಾನು ಕಲಿತದ್ದು.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ಮನೆಯ ಅಜ್ಜಿಯನ್ನೋ ಮುತ್ಯಾನನ್ನೋ ಕೂರಿಸಿಕೊಂಡು, ಅವರು ಬಳಸುವ, ನೀವು ಬೇರೆ ಅರ್ಥದಲ್ಲಿ ಬಳಸುವ ಹತ್ತು ಪದಗಳನ್ನು ಬರೆದುಕೊಳ್ಳಿ. ಬಿಟ್ಟಿಯಿಂದಲೇ ಶುರು ಮಾಡಿ. ಪ್ರತಿ ಪದದ ಮುಂದೆ, ಇದನ್ನು ಬದಲಿಸಿದವರು ಯಾರು, ಯಾವಾಗ, ಯಾಕೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಸಮಾಜ ವಿಜ್ಞಾನದ ಸರ್ ಹತ್ತಿರ ಹೋಗಿ. ಕೇಳುವಾಗ ನಿಂತೇ ಕೇಳಬೇಕಾದೀತು. ಚಿಂತೆಯಿಲ್ಲ, ನಾವೂ ನಿಂತವರೇ.

ನನ್ನನ್ನು ನಿಲ್ಲಿಸಿದ ಆ ಗುರುಗಳಿಗೆ, ಅಕರ್ಮಕ ಸಕರ್ಮಕ ಕಲಿಸಿದ ಅಕ್ಕೋರಿಗೆ, ಐವತ್ತು ವರ್ಷ ಈ ಹಳ್ಳಿಯ ಮಕ್ಕಳನ್ನು ಓದಿಸಿದ ಎಲ್ಲ ಶಿಕ್ಷಕರಿಗೆ, ಶಾಲೆಯನ್ನು ತಮ್ಮ ಮನೆಯಂತೆ ಕಾಯ್ದ ಊರಿನ ಹಿರಿಯರಿಗೆ ನನ್ನ ನಮಸ್ಕಾರ. ಸರ್, ನೀವು ಹೇಳಿದ್ದು ನಿಜ. ಇಸವಿಗಳು ಸತ್ತಿಲ್ಲ, ನನ್ನ ಬಾಯಲ್ಲೇ ಇದ್ದವು. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ. ಗ್ರಾನಡಾದಿಂದ ಹಡಗು ಹತ್ತಿ ಹೋದವರ ಮಾತಿನಲ್ಲೇ ಹಾರೈಸುವುದಾದರೆ, ಓಹಲಾ.